ಭಾಷೆಯ ರಚನೆ ತಿಳಿಯಬೇಕೆ? ಮನೆಮಾತಿನಿಂದಲೇ ಶುರುಮಾಡಿ

"ಭಾಷಾವಿಜ್ಞಾನ ಕಲಿಯೋ ಆಸೆ ಇದೆ. ಎಲ್ಲಿಂದ ಶುರುಮಾಡಲಿ, ಯಾವ ಪುಸ್ತಕ ಓದಲಿ?" ತಿಂಗಳಿಗೆ ನಾಲ್ಕಾರು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಪಿಯುಸಿ ಮುಗಿಸಿದವರಿದ್ದಾರೆ, ಸಾಫ್ಟ್‌ವೇರ್ ಕೆಲಸದವರಿದ್ದಾರೆ, ನಿವೃತ್ತಿಯಾದ ಮೇಷ್ಟ್ರುಗಳೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲು ಎರಡು ತಪ್ಪು ಕಲ್ಪನೆ ಬಿಡಿ. ಭಾಷಾವಿಜ್ಞಾನಿ ಎಂದರೆ ಹತ್ತು ಭಾಷೆ ಮಾತಾಡುವವನಲ್ಲ. ಒಂದೇ ಭಾಷೆ ಬಲ್ಲವರೂ ಒಳ್ಳೆಯ ಭಾಷಾವಿಜ್ಞಾನಿ ಆಗಬಹುದು. ಭಾಷಾವಿಜ್ಞಾನ ಎಂದರೆ "ಶುದ್ಧ" ಮಾತು ಕಲಿಸುವ ಪಾಠವೂ ಅಲ್ಲ. ಜನ ಹೇಗೆ ಮಾತಾಡಬೇಕು ಅನ್ನುವುದು ಅದರ ಚಿಂತೆಯೇ ಅಲ್ಲ. ಹೇಗೆ ಮಾತಾಡುತ್ತಾರೆ, ಆ ಮಾತಿನೊಳಗೆ ಯಾವ ಕಟ್ಟಳೆ ಇದೆ ಎಂದು ಹುಡುಕುವುದು ಅದರ ಕೆಲಸ. ಈ ಎರಡನೆಯದನ್ನು ಬಿಡುವುದು ಕಷ್ಟ, ಯಾಕೆಂದರೆ ಹತ್ತು ವರ್ಷ ಶಾಲೆಯಲ್ಲಿ ನಮಗೆ ಕಲಿಸಿದ್ದು ಇದಕ್ಕೆ ಉಲ್ಟಾ.

ಪುಸ್ತಕವನ್ನು ಆಮೇಲೆ ಓದಿ. ವ್ಯಾಖ್ಯೆ ಬಾಯಿಪಾಠ ಮಾಡಿದವರು ಮೂರನೇ ಅಧ್ಯಾಯಕ್ಕೇ ನಿಂತುಬಿಡುವುದನ್ನು ಬಹಳ ನೋಡಿದ್ದೇನೆ. ಮೊದಲ ಒಂದು ತಿಂಗಳು ನಿಮ್ಮ ಮನೆಮಾತನ್ನೇ ಬಿಚ್ಚಿ ನೋಡಿ.

ಏನೇನು ಬೇಕು

ಒಂದು ಇನ್ನೂರು ಪುಟದ ನೋಟ್‌ಬುಕ್, ರೆಕಾರ್ಡ್ ಮಾಡಲು ಫೋನ್, ದಿನಕ್ಕೆ ಅರ್ಧ ಗಂಟೆ, ಮತ್ತೆ ಮಾತಾಡಲು ಇಷ್ಟಪಡುವ ಒಬ್ಬ ಹಿರಿಯರು. ಕಂಪ್ಯೂಟರ್ ಇದ್ದರೆ "ಪ್ರಾಟ್" ಎಂಬ ತಂತ್ರಾಂಶ ಹಾಕಿಕೊಳ್ಳಬಹುದು. ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಸಿದ್ಧಪಡಿಸಿದ ಇದು ಉಚಿತವಾಗಿ ಸಿಗುತ್ತದೆ, ಧ್ವನಿಯನ್ನು ಚಿತ್ರವಾಗಿ ತೋರಿಸುತ್ತದೆ. ಆದರೆ ಅದಿಲ್ಲದೆ ಏನೂ ನಿಲ್ಲುವುದಿಲ್ಲ.

ಹಂತ 1: ಇಪ್ಪತ್ತು ನಿಮಿಷದ ಮಾತು ರೆಕಾರ್ಡ್ ಮಾಡಿ

ಅಜ್ಜಿ, ಸೋದರಮಾವ, ಪಕ್ಕದ ಮನೆಯವರು, ಯಾರಾದರೂ ಆಗಬಹುದು. ರೆಕಾರ್ಡ್ ಮಾಡುತ್ತಿರುವುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಕದ್ದು ಮಾಡಬೇಡಿ. ಫ್ಯಾನು, ಮಿಕ್ಸಿ, ಟೀವಿ ಬಂದ್ ಇರಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು: "ನಿಮ್ಮ ಕಡೆ ಇದನ್ನ ಹೇಗೆ ಹೇಳ್ತೀರಿ?" ಎಂದು ಕೇಳುವುದು. ಹಾಗೆ ಕೇಳಿದ ತಕ್ಷಣ ಅವರು ನೆಟ್ಟಗೆ ಕೂತು ರೇಡಿಯೋ ವಾರ್ತೆಯ ಕನ್ನಡ ಶುರುಮಾಡುತ್ತಾರೆ. ನನ್ನ ಸೋದರತ್ತೆ ಮೈಕ್ ಕಂಡೊಡನೆ "ನಾನು ಬೆಳಿಗ್ಗೆ ಬೇಗನೆ ಏಳುತ್ತೇನೆ" ಅಂದಿದ್ದರು. ಜನ್ಮದಲ್ಲಿ ಅವರ ಬಾಯಲ್ಲಿ ಆ "ಏಳುತ್ತೇನೆ" ಕೇಳಿರಲಿಲ್ಲ. ಹುಳಿ ಮಾಡುವುದು ಹೇಗೆ, ಮದುವೆಯಲ್ಲಿ ಏನು ಜಗಳ ಆಯಿತು, ಹೊಸದಾಗಿ ಬಸ್ ಬಂದಾಗ ಊರು ಹೇಗಿತ್ತು ಎಂದು ಕೇಳಿ. ವಿಷಯದಲ್ಲಿ ಮುಳುಗಿದಾಗ ಮೈಕ್ ಮರೆತುಹೋಗುತ್ತದೆ.

ಹಂತ 2: ಕಿವಿಗೆ ಬಿದ್ದದ್ದನ್ನೇ ಬರೆಯಿರಿ

ಎರಡು ನಿಮಿಷದ ಭಾಗ ಆರಿಸಿಕೊಂಡು ಕೇಳಿದಂತೆಯೇ ಬರೆಯಿರಿ. ಇದಕ್ಕೆ ಲಿಪ್ಯಂತರ ಎನ್ನುತ್ತಾರೆ. ಒಂದು ನಿಮಿಷದ ಮಾತಿಗೆ ನನಗೆ ಈಗಲೂ ಅರ್ಧ ಗಂಟೆ ಹಿಡಿಯುತ್ತದೆ, ನೀವೂ ಅವಸರ ಮಾಡಬೇಡಿ.

"ಕೆಲಸ" ಎಂದು ಬರೆಯಲು ಕೈ ಎಳೆಯುತ್ತದೆ, ಕೇಳಿದ್ದು "ಕೆಲ್ಸ". "ಮನೆಗೆ ಹೋಗುತ್ತೇನೆ" ಎಂದು ಬರೆದಿರುತ್ತೀರಿ, ಕೇಳಿದ್ದು "ಮನೆಗ್ ಓಗ್ತೀನಿ" ಅಥವಾ "ಮನಿಗ್ ಹೋಗ್ತೀನಿ". ಧಾರವಾಡದ ಕಡೆಯವರು "ಮಾಡಾಕ್ಹತ್ತೀನಿ" ಅಂದರೆ ಅದನ್ನೇ ಬರೆಯಿರಿ, "ಮಾಡುತ್ತಿದ್ದೇನೆ" ಎಂದು ಅನುವಾದ ಮಾಡಬೇಡಿ. ತಿದ್ದಿದರೆ ಮಾಹಿತಿ ಕೆಟ್ಟಂತೆ. ನೀವು ಪರೀಕ್ಷಿಸಬೇಕಾದ ವಸ್ತುವನ್ನೇ ತೊಳೆದು ಚೊಕ್ಕ ಮಾಡಿ ತಂದ ಹಾಗೆ.

ಇಲ್ಲಿ ಇನ್ನೊಂದು ತೊಡಕು. ಕನ್ನಡ ಲಿಪಿ ಉಚ್ಚಾರಣೆಗೆ ಹತ್ತಿರ ಇದೆ, ನಿಜ. "ಬರೆದಂತೆ ಓದುತ್ತೇವೆ" ಅನ್ನುವುದು ಮಾತ್ರ ಪೂರ್ತಿ ನಿಜವಲ್ಲ. ಲಿಪಿಗೆ ಸಿಗದ ಧ್ವನಿ ಬಂದಾಗ ಪಕ್ಕದಲ್ಲಿ ನಿಮ್ಮದೇ ಗುರುತು ಹಾಕಿಕೊಳ್ಳಿ. ಮುಂದೆ ಅಂತಾರಾಷ್ಟ್ರೀಯ ಧ್ವನಿ ಲಿಪಿ ಕಲಿಯಬಹುದು. ಪ್ಯಾರಿಸ್‌ನಲ್ಲಿ 1886ರಲ್ಲಿ ಹುಟ್ಟಿದ ಸಂಘವೊಂದು ರೂಪಿಸಿದ ಈ ಲಿಪಿಯಲ್ಲಿ ಒಂದು ಧ್ವನಿಗೆ ಒಂದೇ ಗುರುತು. ಮೊದಲ ವಾರಕ್ಕೆ ಅದು ಬೇಡ.

ಹಂತ 3: ಧ್ವನಿಗಳನ್ನು ಬೇರ್ಪಡಿಸಿ

ಈಗ ಒಂದು ಪ್ರಶ್ನೆ. ಎರಡು ಧ್ವನಿ ಕಿವಿಗೆ ಬೇರೆ ಅನ್ನಿಸಿದರೆ ಭಾಷೆಗೂ ಅವು ಬೇರೆಯೇ?

ಪರೀಕ್ಷೆ ಸುಲಭ. ಒಂದೇ ಒಂದು ಧ್ವನಿ ಬದಲಾಗಿ ಅರ್ಥ ಬೇರೆಯಾಗುವ ಜೋಡಿ ಪದ ಹುಡುಕಿ. ಬೆಲೆ–ಬೆಳೆ, ಮನೆ–ಮಣೆ, ಕತ್ತೆ–ಕಟ್ಟೆ, ಬಿಡು–ಬೀಡು, ಬಳೆ–ಬಾಳೆ. ಇವನ್ನು ಕನಿಷ್ಠ ಜೋಡಿ ಎನ್ನುತ್ತಾರೆ. ಹೀಗೆ ಅರ್ಥ ಬದಲಿಸುವ ತಾಕತ್ತಿರುವ ಧ್ವನಿಯೇ "ಧ್ವನಿಮಾ". ಮನೆ–ಮಣೆ ಸಿಕ್ಕಿತು ಎಂದರೆ ಕನ್ನಡಕ್ಕೆ ನ, ಣ ಎರಡು ಬೇರೆ ಧ್ವನಿಮಾಗಳು.

ಇದರ ಇನ್ನೊಂದು ಮುಖ ಸೊನ್ನೆಯಲ್ಲಿದೆ. ಈ ಐದು ಪದಗಳನ್ನು ನಿಧಾನವಾಗಿ, ಸೊನ್ನೆಯ ಮೇಲೆ ಒಂದು ಕ್ಷಣ ನಿಂತು ಹೇಳಿ: ಮಂಗ, ಮಂಚ, ಗಂಟೆ, ದಂತ, ಕಂಬ. "ಮಂಗ"ದಲ್ಲಿ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಿನ ಹಿಂದೆ ತಾಗುತ್ತದೆ. "ಮಂಚ"ದಲ್ಲಿ ನಾಲಿಗೆಯ ನಡುಭಾಗ. "ಗಂಟೆ"ಯಲ್ಲಿ ತುದಿ ಮಡಚಿ ಮೇಲಕ್ಕೆ ಹೋಗುತ್ತದೆ. "ದಂತ"ದಲ್ಲಿ ಹಲ್ಲಿನ ಹಿಂದೆ. "ಕಂಬ"ದಲ್ಲಿ ನಾಲಿಗೆಗೆ ಕೆಲಸವೇ ಇಲ್ಲ, ತುಟಿ ಮುಚ್ಚುತ್ತದೆ. ಐದು ಕಡೆ ಐದು ಬೇರೆ ಧ್ವನಿ, ಬರೆಯುವುದು ಮಾತ್ರ ಒಂದೇ ಸೊನ್ನೆ. ಯಾರಿಗೂ ತೊಂದರೆ ಆಗಿಲ್ಲ. ಯಾಕೆ? ಮುಂದೆ ಬರುವ ವ್ಯಂಜನವೇ ಇದನ್ನು ತೀರ್ಮಾನಿಸುತ್ತದೆ, ಹಾಗಾಗಿ ಈ ಜಾಗದಲ್ಲಿ ಇವು ಒಂದಕ್ಕೊಂದು ಎದುರು ನಿಂತು ಅರ್ಥ ಬದಲಿಸಲಾರವು. ಸೊನ್ನೆಯನ್ನು ಬಳಕೆಗೆ ತಂದ ಹಳಬರು ಈ ಲೆಕ್ಕವನ್ನು ಎಂದೋ ಕಂಡುಕೊಂಡಿದ್ದರು ಅನ್ನುವುದು ನನಗೆ ಇವತ್ತಿಗೂ ಬೆರಗು.

ಇದೇ ರೀತಿ ಗಲ್ಲದ ಕೆಳಗೆ ಕೈಯಿಟ್ಟು "ಕೊಡು" ಅನ್ನಿ, ಆಮೇಲೆ "ಕೊಡ" ಅನ್ನಿ. ಹಲವರ ಬಾಯಲ್ಲಿ ಎರಡನೆಯ "ಕೊ" ಹೇಳುವಾಗ ದವಡೆ ತುಸು ಹೆಚ್ಚು ಇಳಿಯುತ್ತದೆ. ಮುಂದಿನ ಅಕ್ಷರದ "ಅ" ಅದನ್ನು ಕೆಳಗೆಳೆಯುತ್ತದೆ, "ಉ" ಮೇಲೆತ್ತುತ್ತದೆ. ಎರಡು ಧ್ವನಿ, ಒಂದೇ ಧ್ವನಿಮಾ. ಇಂಥವಕ್ಕೆ ಉಪಧ್ವನಿ ಎಂದು ಹೆಸರು.

ಎಚ್ಚರ: ವರ್ಣಮಾಲೆ ಮುಂದಿಟ್ಟುಕೊಂಡು "ಕನ್ನಡದ ಧ್ವನಿಮಾಗಳು ಇಷ್ಟು" ಎಂದು ಎಣಿಸಬೇಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ನಿಮ್ಮ ರೆಕಾರ್ಡಿಂಗಿನ ಹಿರಿಯರಿಂದ "ಧನ", "ದನ" ಹೇಳಿಸಿ ನೋಡಿ. ಎರಡಕ್ಕೂ ಒಂದೇ ಉಸಿರು ಬಂದರೆ ಅವರ ಮಾತಿನಲ್ಲಿ ಮಹಾಪ್ರಾಣ ಇಲ್ಲ. ಅದು ನಾಲಿಗೆಯ ದೋಷವಲ್ಲ, ಅವರ ಮಾತಿನ ಧ್ವನಿಪಟ್ಟಿ ಅಷ್ಟೇ ಉದ್ದ ಇದೆ.

ಹಂತ 4: ಪದ ಒಡೆಯಿರಿ

ಈ ಹಂತಕ್ಕೆ ಒಂದು ವಾರ ಕೊಡಿ. ಅರ್ಥವಿರುವ ಅತಿ ಚಿಕ್ಕ ತುಂಡಿಗೆ "ಆಕೃತಿಮಾ" ಎನ್ನುತ್ತಾರೆ. "ಮನೆಗಳಿಗೆ" ಪದದಲ್ಲಿ ಮನೆ, ಬಹುವಚನದ "ಗಳ್", ಚತುರ್ಥಿಯ "ಇಗೆ", ಹೀಗೆ ಮೂರಿವೆ.

ಅಭ್ಯಾಸಕ್ಕೆ ಬಸ್‌ಸ್ಟ್ಯಾಂಡಿಗಿಂತ ಒಳ್ಳೆ ಜಾಗ ಇಲ್ಲ. "ಎಲ್ಲಿಗೆ?" ಎಂಬ ಪ್ರಶ್ನೆಗೆ ಬರುವ ಉತ್ತರಗಳನ್ನು ಬರೆದುಕೊಳ್ಳಿ:

ಮಂಡ್ಯಕ್ಕೆ, ಹಾಸನಕ್ಕೆ, ಕೋಲಾರಕ್ಕೆ, ಧಾರವಾಡಕ್ಕೆ.
ಉಡುಪಿಗೆ, ಬಳ್ಳಾರಿಗೆ, ಮಡಿಕೇರಿಗೆ, ದಾವಣಗೆರೆಗೆ.
ಮೈಸೂರಿಗೆ, ತುಮಕೂರಿಗೆ, ಪುತ್ತೂರಿಗೆ, ನಂಜನಗೂಡಿಗೆ.

ಅರ್ಥ ಒಂದೇ, ರೂಪ ಮೂರು. ಊರಿನ ಹೆಸರಿನ ಕೊನೆಯ ಸ್ವರ ನೋಡಿ. "ಅ" ಇದ್ದರೆ "ಕ್ಕೆ". "ಇ", "ಎ" ಇದ್ದರೆ "ಗೆ". "ಉ" ಇದ್ದರೆ ಅದು ಬಿದ್ದುಹೋಗಿ "ಇಗೆ". ಯಾವ ಮೇಷ್ಟ್ರೂ ಇದನ್ನು ಹೀಗೆ ಹೇಳಿಕೊಟ್ಟಿರಲಿಕ್ಕಿಲ್ಲ, ಆದರೂ ನಾಲ್ಕು ವರ್ಷದ ಮಗು ತಪ್ಪುವುದಿಲ್ಲ. ಹೊಸ ಊರಿನ ಹೆಸರು ಕೇಳಿದ ಮರುಕ್ಷಣ ಸರಿಯಾದ ತುಂಡು ತಾನೇ ಬಂದು ಅಂಟಿಕೊಳ್ಳುತ್ತದೆ. ಭಾಷೆಯ ರಚನೆ ಅಂದರೆ ಇದೇ. ತಲೆಯೊಳಗೆ ಇದೆ, ಕೇಳಿದರೆ ಹೇಳಲು ಬರುವುದಿಲ್ಲ.

ನಿಯಮ ಸಿಕ್ಕಿತೆಂದು ಪೆನ್ ಮುಚ್ಚಬೇಡಿ, ಅದನ್ನು ಮುರಿಯಲು ನೋಡಿ. "ಅ" ಕೊನೆಯ ಪದವೆಂದು "ಹುಡುಗಕ್ಕೆ" ಅನ್ನುತ್ತೇವೆಯೇ? ಇಲ್ಲ, "ಹುಡುಗನಿಗೆ". ಹಾಗಾದರೆ ಮನುಷ್ಯರಿಗೆ ಬೇರೆ ಲೆಕ್ಕ. "ಚಂದ್ರನಿಗೆ", "ಸೂರ್ಯನಿಗೆ"? ನಮ್ಮ ಭಾಷೆ ಅವರನ್ನೂ ಮನುಷ್ಯರ ಸಾಲಿಗೇ ಸೇರಿಸಿದೆ. "ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ" ಅನ್ನುವಾಗ ಕೋಣಕ್ಕೂ ಆ ಮರ್ಯಾದೆ ಸಿಕ್ಕಿದೆ.

ಇನ್ನೂ ಮುಂದೆ ಹೋಗಿ. "ಊರು" ಪದ "ಊರಿಗೆ" ಆಗುತ್ತದೆ. "ನೂರು"? ಪರೀಕ್ಷೆಯಲ್ಲಿ ಯಾರಿಗೂ ನೂರಿಗೆ ನೂರು ಬರುವುದಿಲ್ಲ, ನೂರಕ್ಕೆ ನೂರು ಬರುತ್ತದೆ. ಆರಕ್ಕೇರದ ಮೂರಕ್ಕಿಳಿಯದ ಸಂಸಾರವೂ ಇದನ್ನೇ ಹೇಳುತ್ತದೆ. ಅದು–ಅದಕ್ಕೆ, ಇದು–ಇದಕ್ಕೆ ಸೇರಿಸಿದರೆ ಇನ್ನೊಂದು ಚಿಕ್ಕ ಗುಂಪು ಕಾಣುತ್ತದೆ: ಸಂಖ್ಯೆಗಳು ಮತ್ತು ಅದು, ಇದು, ಯಾವುದು ಥರದ ಪದಗಳು. ಆಮೇಲೆ "ಕಾಡಿಗೆ" ಎಂಬಲ್ಲಿ ಬಿದ್ದುಹೋಗುವ "ಉ", "ಹಸುವಿಗೆ", "ಮಗುವಿಗೆ" ಎಂಬಲ್ಲಿ ಯಾಕೆ ಗಟ್ಟಿಯಾಗಿ ಕೂತಿದೆ? ಇದನ್ನು ನಿಮಗೇ ಬಿಡುತ್ತೇನೆ. ಕರು, ಗುರು, ಹಾಡು, ಬೆರಳು ಸೇರಿಸಿ ಪಟ್ಟಿ ಮಾಡಿ.

ನಿಯಮ ಅಲುಗಾಡುವ ಜಾಗ ಇನ್ನೂ ಸೊಗಸು. ಗೋವಾಕ್ಕೋ ಗೋವಾಗೋ? ಗದಗಕ್ಕೋ ಗದಗಿಗೋ? ಆಫೀಸಿಗೋ ಆಫೀಸ್‌ಗೋ? ಹತ್ತು ಜನರನ್ನು ಕೇಳಿ, ವಯಸ್ಸು ಮತ್ತು ಊರಿನ ಜೊತೆ ಉತ್ತರ ಬರೆದಿಡಿ. ಯಾವುದು ಸರಿ ಎಂದು ತೀರ್ಪು ಕೊಡಬೇಡಿ, ಯಾರು ಯಾವುದನ್ನು ಹೇಳುತ್ತಾರೆ ಅಷ್ಟೇ ನೋಡಿ.

ಒಡೆಯುವಾಗ ಆಗುವ ದೊಡ್ಡ ಎಡವಟ್ಟು ಸಿಕ್ಕಸಿಕ್ಕಲ್ಲಿ ಕತ್ತರಿ ಹಾಕುವುದು. "ಅಂಗಡಿ"ಯೊಳಗೆ "ಅಂಗ"ವೂ ಇಲ್ಲ, "ಅಡಿ"ಯೂ ಇಲ್ಲ. ಕತ್ತರಿಸಿದ ತುಂಡು ಅದೇ ಅರ್ಥದಲ್ಲಿ ಬೇರೆ ಪದಗಳಲ್ಲೂ ಸಿಗಬೇಕು. ಸಿಗದಿದ್ದರೆ ಅದು ತುಂಡಲ್ಲ, ನಿಮ್ಮ ಊಹೆ.

ಇನ್ನೊಂದು ಮಾತು, ಶಾಲೆಯ ವಿಭಕ್ತಿ ಪಟ್ಟಿಯ ಬಗ್ಗೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಎಲ್ಲರೂ ಉರುಹೊಡೆದಿದ್ದೇವೆ. ನಿಮ್ಮ ರೆಕಾರ್ಡಿಂಗಿನಲ್ಲಿ "ಮರದ ದೆಸೆಯಿಂದ ಹಣ್ಣು ಬಿತ್ತು" ಎಂದು ಯಾರಾದರೂ ಅಂದಿದ್ದಾರಾ ನೋಡಿ. ಸಂಸ್ಕೃತದಲ್ಲಿ ಏಳು ವಿಭಕ್ತಿ ಇವೆ ಎಂದು ಕನ್ನಡಕ್ಕೂ ಏಳು ಮನೆ ಹಾಕಿದಾಗ ಐದನೆಯದು ಖಾಲಿ ಉಳಿಯಿತು. 13ನೇ ಶತಮಾನದ ಕೇಶಿರಾಜ "ಶಬ್ದಮಣಿದರ್ಪಣ"ದಲ್ಲಿ ಆ ಮನೆಗೆ "ಅತ್ತಣಿಂ" ಕೂರಿಸಿದ, ಆಮೇಲಿನವರು "ದೆಸೆಯಿಂದ" ತಂದರು. ಕೇಶಿರಾಜ ಅಸಾಧ್ಯ ಜಾಣ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಭಾಷೆಯ ಅಳತೆಯಲ್ಲಿ ಇನ್ನೊಂದಕ್ಕೆ ಅಂಗಿ ಹೊಲಿದರೆ ಎಲ್ಲೋ ಒಂದು ಕಡೆ ಜೋಲುತ್ತದೆ. ನಿಮ್ಮ ಪಟ್ಟಿಯಲ್ಲಿ ನೀವು ಕೇಳಿದ ರೂಪಗಳು ಮಾತ್ರ ಇರಲಿ.

ಹಂತ 5: ವಾಕ್ಯಕ್ಕೆ ಬನ್ನಿ

"ಹಳೇ ಪುಸ್ತಕದ ಅಂಗಡಿ". ಹಳೆಯದು ಯಾವುದು, ಪುಸ್ತಕವೋ ಅಂಗಡಿಯೋ? ಪದಗಳು ಅವೇ, ಅನುಕ್ರಮವೂ ಅದೇ, ಅರ್ಥ ಮಾತ್ರ ಎರಡು. ಪದಗಳು ಮಣಿಸರದ ಹಾಗೆ ಒಂದರ ಹಿಂದೊಂದು ಕೂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವು ಗುಂಪುಗುಂಪಾಗಿ ಕಟ್ಟಿಕೊಳ್ಳುತ್ತವೆ. "ಹಳೇ ಪುಸ್ತಕ" ಒಂದು ಕಟ್ಟಾದರೆ ಒಂದರ್ಥ, "ಪುಸ್ತಕದ ಅಂಗಡಿ" ಒಂದು ಕಟ್ಟಾದರೆ ಇನ್ನೊಂದು. ಇಂಥ ಕಟ್ಟಿಗೆ ಪದಪುಂಜ ಎನ್ನುತ್ತಾರೆ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಎರಡನ್ನೂ ಬೇರೆಬೇರೆ ತೋರಿಸಿ.

ವಾಕ್ಯ ಪರೀಕ್ಷಿಸುವಾಗ ಬೇಕೆಂದೇ ತಪ್ಪು ವಾಕ್ಯ ಕಟ್ಟಬೇಕು. ಯಾರೂ ಹಾಗೆ ಹೇಳುವುದಿಲ್ಲ ಅನ್ನಿಸಿದ ವಾಕ್ಯದ ಮುಂದೆ ನಕ್ಷತ್ರದ ಗುರುತು ಹಾಕುವುದು ಪದ್ಧತಿ. ಉದಾಹರಣೆಗೆ "ಅನ್ನು" ತೆಗೆದುಕೊಳ್ಳಿ.

ನಾನು ಕಾಫಿ ಕುಡಿದೆ.
*ನಾನು ಅಮ್ಮ ಕರೆದೆ.

ಮೊದಲನೆಯದಕ್ಕೆ "ಅನ್ನು" ಬೇಡ, ಎರಡನೆಯದಕ್ಕೆ "ಅಮ್ಮನ್ನ" ಬೇಕೇ ಬೇಕು. ಮನುಷ್ಯರಾದರೆ "ಅನ್ನು" ಕಡ್ಡಾಯ ಎಂದು ಬರೆದುಕೊಂಡಿರಾ? ತಡೆಯಿರಿ. "ಹೆಣ್ಣು ನೋಡೋಕೆ ಹೋಗಿದ್ದಾರೆ" ಅನ್ನುತ್ತೇವಲ್ಲ! ಅಲ್ಲಿ ಹೆಣ್ಣು ಮನುಷ್ಯಳಲ್ಲವೇ? "ಹೆಣ್ಣನ್ನ ನೋಡೋಕೆ ಹೋಗಿದ್ದಾರೆ" ಅಂದರೆ ಯಾರೆಂದು ಆಗಲೇ ಗೊತ್ತಿರುವ ಒಬ್ಬ ಹುಡುಗಿ ಕಣ್ಣಮುಂದೆ ಬರುತ್ತಾಳೆ. "ಹೆಣ್ಣು ನೋಡೋಕೆ" ಅಂದರೆ ಅದೊಂದು ಶಾಸ್ತ್ರದ ಹೆಸರು, ಉಪ್ಪಿಟ್ಟು–ಕೇಸರಿಬಾತಿನ ಸಮೇತ. ಆದ್ದರಿಂದ ಮನುಷ್ಯರೋ ಅಲ್ಲವೋ ಅನ್ನುವುದರ ಜೊತೆಗೆ, ಗೊತ್ತಾದ ನಿರ್ದಿಷ್ಟ ವ್ಯಕ್ತಿಯೋ ಅಲ್ಲವೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

"ನನಗೆ ಹಸಿವಾಗಿದೆ" ವಾಕ್ಯವನ್ನೂ ಬರೆದಿಡಿ. ಹಸಿದದ್ದು ನಾನು. ಆದರೆ "ನಿನಗೆ", "ಅವರಿಗೆ" ಎಂದು ಬದಲಿಸಿ ನೋಡಿ, ಕ್ರಿಯಾಪದ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅದು ಹೊಂದಿಕೊಂಡಿರುವುದು ಹಸಿವಿನ ಜೊತೆ. "ಕೆಲಸ ಮಾಡಿದವನೇ ಕರ್ತೃ, ಅವನಿಗೆ ಪ್ರಥಮಾ ವಿಭಕ್ತಿ" ಎಂಬ ಶಾಲೆಯ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು. ಚಳಿ, ನಿದ್ದೆ, ಸಿಟ್ಟು, "ಕನ್ನಡ ಬರುತ್ತದೆ", ಹೀಗೆ ಈ ಜಾತಿಯವು ಇನ್ನೆಷ್ಟಿವೆ ಎಂದು ಕಲೆಹಾಕಿ.

ಹಂತ 6: ನೆರೆಯ ಭಾಷೆಗಳ ಜೊತೆ ಇಟ್ಟು ನೋಡಿ

ಹಾಲು, ಹುಲಿ, ಹತ್ತು. ತಮಿಳಿನಲ್ಲಿ ಪಾಲ್, ಪುಲಿ, ಪತ್ತು. ತೆಲುಗಿನಲ್ಲಿ ಪಾಲು, ಪುಲಿ, ಪದಿ. ತುಳುವಿನಲ್ಲಿ ಪಿಲಿ, ಪತ್ತ್. ಹಳಗನ್ನಡದಲ್ಲೂ ಪಾಲ್, ಪುಲಿ. ಬದಲಾದದ್ದು ನಾವು. ಪದದ ಮೊದಲಿನ "ಪ" ಹೋಗಿ "ಹ" ಬಂದದ್ದು ಸುಮಾರು 10ನೇ ಶತಮಾನದಿಂದೀಚೆಗೆ ಶಾಸನಗಳಲ್ಲಿ ಕಾಣತೊಡಗುತ್ತದೆ. ಸಂಸ್ಕೃತದಿಂದ ಬಂದು ನಮ್ಮವೇ ಆಗಿಬಿಟ್ಟಿದ್ದ ಪದಗಳೂ ಆ ಹೊಳೆಯಲ್ಲಿ ಕೊಚ್ಚಿಹೋದವು: ಪರ್ವ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು.

ಈಗ ಎರಡನೇ ಹಂತದ ನಿಮ್ಮ ಪುಟ ತೆರೆಯಿರಿ. ಹಳೇ ಮೈಸೂರಿನ ಕಡೆಯ ಹಿರಿಯರಾಗಿದ್ದರೆ "ಆಲು", "ಅತ್ತು" ಎಂದು ಬರೆದಿರುತ್ತೀರಿ. ಪಾಲು, ಹಾಲು, ಆಲು. "ಹ" ಬರುವುದಿಲ್ಲ ಎಂದು ಯಾರನ್ನು ನೋಡಿ ನಗುತ್ತೇವೋ ಅವರು ಅದೇ ದಾರಿಯಲ್ಲಿ ನಮಗಿಂತ ಒಂದು ಸ್ಟಾಪ್ ಮುಂದೆ ಇಳಿದಿದ್ದಾರೆ.

ಈ ಹಂತದಲ್ಲಿ ಬಹಳ ಜನ ಹಾದಿ ತಪ್ಪುತ್ತಾರೆ. ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತನ ಕಟ್ಟಬೇಡಿ. ಕನ್ನಡದ ಯಾವುದೋ ಪದ ಜಪಾನಿಯ ಇನ್ಯಾವುದರಂತೋ ಕಂಡರೆ ಅದು ಕಾಕತಾಳೀಯ ಆಗಿರಬಹುದು. ಒಂದು ಧ್ವನಿ ಸಾಲುಸಾಲು ಪದಗಳಲ್ಲಿ ಒಂದೇ ರೀತಿ ಬದಲಾಗಿರಬೇಕು; ಪ–ಹ ಜೋಡಿಯ ಬಲ ಇರುವುದು ಅಲ್ಲಿ. ಎರವಲು ಪದಗಳನ್ನೂ ಬೇರೆ ಇಡಿ. "ಪುಸ್ತಕ" ತಮಿಳಿನಲ್ಲೂ ಹಿಂದಿಯಲ್ಲೂ ಇದೆ ಎಂದು ಅವೆರಡೂ ಒಂದೇ ಕುಟುಂಬ ಆಗುವುದಿಲ್ಲ. ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬ ಎಂದು ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿ ವಾದಿಸಿದ್ದು, ಪಾದ್ರಿ ಕಾಲ್ಡ್‌ವೆಲ್ 1856ರ ತೌಲನಿಕ ವ್ಯಾಕರಣದಲ್ಲಿ ವಿಸ್ತರಿಸಿದ್ದು ಇಂಥ ಸಾಲುಗಳ ಬಲದಿಂದ.

ಹಂತ 7: ಈಗ ಪುಸ್ತಕ ಹಿಡಿಯಿರಿ

ನೋಟ್‌ಬುಕ್ ಅರ್ಧ ತುಂಬಿದ ಮೇಲೆ ಯಾವ ಪ್ರವೇಶ ಪುಸ್ತಕ ತೆಗೆದರೂ ನಡೆಯುತ್ತದೆ. ಪ್ರತಿ ಪಾರಿಭಾಷಿಕ ಪದಕ್ಕೂ ನಿಮ್ಮ ಹತ್ತಿರ ಉದಾಹರಣೆ ಸಿದ್ಧವಾಗಿರುತ್ತದೆ. ಶಾಲಾ ಮಕ್ಕಳಿದ್ದರೆ ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡಿನ ಹಳೆಯ ಪ್ರಶ್ನೆಗಳನ್ನು ಒಟ್ಟಿಗೆ ಬಿಡಿಸಿ. ಎಂದೂ ಕೇಳದ ಭಾಷೆಯ ಹತ್ತು ವಾಕ್ಯ ಕೊಟ್ಟು ನಿಯಮ ಹುಡುಕಲು ಹೇಳುತ್ತಾರೆ, ಮೊದಲೇ ಆ ಭಾಷೆ ಗೊತ್ತಿರಬೇಕಿಲ್ಲ. 2016ರಲ್ಲಿ ಆ ಸ್ಪರ್ಧೆ ಮೈಸೂರಿನಲ್ಲೇ ನಡೆದಿತ್ತು. 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನವೂ ಮೈಸೂರಿನಲ್ಲಿದೆ. ಪದವಿ ಬೇಕೆನ್ನುವವರು ವಿಶ್ವವಿದ್ಯಾಲಯಗಳ ಭಾಷಾವಿಜ್ಞಾನ ವಿಭಾಗದ ಪಠ್ಯಕ್ರಮವನ್ನು ಮೊದಲು ತರಿಸಿ ಓದಿ. ಹೆಸರು ಒಂದೇ ಇದ್ದರೂ ಒಂದೊಂದು ಕಡೆ ಒಂದೊಂದಕ್ಕೆ ಒತ್ತು.

ಅಷ್ಟರೊಳಗೆ ಒಂದು ಮನೆಗೆಲಸ. ಬಾಗಿಲು ಬಡಿದಾಗ ಒಳಗಿನಿಂದ "ಬಂದೆ, ಬಂದೆ" ಎಂದು ಕೂಗುತ್ತೇವೆ. ಇನ್ನೂ ಬಂದಿಲ್ಲ, ಕೈ ಇನ್ನೂ ಪಾತ್ರೆಯಲ್ಲಿದೆ. ಆದರೂ ಭೂತಕಾಲದ ರೂಪ. ಬೇರೆ ಯಾವ ಕ್ರಿಯಾಪದಗಳು ಹೀಗೆ ಮಾಡುತ್ತವೆ, ಯಾವುವು ಮಾಡುವುದಿಲ್ಲ? ಹತ್ತು ಉದಾಹರಣೆ ಸೇರಿದ ಮೇಲೆ ನನಗೆ ಬರೆಯಿರಿ.